ಅವಳಿ ಬಸಿರು: ಆಗಸ್ಟ್ ಬಿಡಿ, ಜೂನ್‌ಗೆ ತಯಾರಾಗಿ

ಪ್ರಶ್ನೆ: ನನಗೆ 29 ವರ್ಷ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ. ಮೊದಲ ಬಸಿರು, ಈಗ 14 ವಾರ. ಹೋದ ವಾರದ ಸ್ಕ್ಯಾನಿಂಗ್‌ನಲ್ಲಿ ಅವಳಿ ಎಂದು ಗೊತ್ತಾಯಿತು. ರಿಪೋರ್ಟ್‌ನಲ್ಲಿ ‘ಎಂಸಿಡಿಎ’ ಎಂದಿದೆ. ಹೆರಿಗೆ ದಿನ ಆಗಸ್ಟ್ ಮಧ್ಯಕ್ಕೆ ಕೊಟ್ಟಿದ್ದಾರೆ. 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕಂತೆ. ಅಷ್ಟೊಂದು ಸಲ ಮಾಡಿಸಿದರೆ ಮಕ್ಕಳಿಗೆ ತೊಂದರೆ ಆಗಲ್ವಾ? ಅತ್ತೆ ಹಾಸಿಗೆ ಬಿಟ್ಟು ಏಳಬೇಡ ಅನ್ನುತ್ತಾರೆ. ಅಮ್ಮ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತೀರ್ಥಹಳ್ಳಿ ಹತ್ತಿರದ ತವರಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾರೆ. ಇಬ್ಬರಿಗೂ ನನ್ನ ಹಾಲು ಸಾಕಾಗುತ್ತದಾ? ಏನೇನು ಕೊಂಡಿಡಬೇಕು? ರಜೆ ಯಾವಾಗ ಹಾಕಲಿ?

ಉತ್ತರ: ಅವಳಿ ಅಂತ ಯಾರೇ ಬರೆದರೂ ನಾನು ಮೊದಲು ಹುಡುಕುವುದು ಮಾಸು (ಪ್ಲಾಸೆಂಟಾ) ಒಂದಾ, ಎರಡಾ ಎಂದು. ನೀವೇ ಬರೆದಿದ್ದೀರಿ, ಕೆಲಸ ಸುಲಭವಾಯಿತು. ಎಂಸಿಡಿಎ ಅಂದರೆ ಎರಡೂ ಮಕ್ಕಳಿಗೆ ಮಾಸು ಒಂದೇ, ನೀರಿನ ಚೀಲ ಬೇರೆ ಬೇರೆ. ಒಂದೇ ಅಂಡ ಎರಡಾಗಿ ಬೆಳೆದಾಗ ಹೀಗಾಗುತ್ತದೆ. ಇದು ಮನೆತನದಿಂದ ಬರುವಂಥದ್ದಲ್ಲ. ತಾಯಿ ಕಡೆಯಿಂದ ಬರುವುದು ಎರಡು ಅಂಡದ ಅವಳಿ. ಜೋಡಿ ಬಾಳೆಹಣ್ಣು ತಿಂದಿದ್ದರಿಂದಲೂ ಅಲ್ಲ, ಯಾರಾದರೂ ಕೇಳಿಯೇ ಕೇಳುತ್ತಾರೆ. ಇನ್ನೊಂದು ಮಾತು. ನಿಮ್ಮ ಮಕ್ಕಳು ಇಬ್ಬರೂ ಗಂಡು, ಇಲ್ಲವೇ ಇಬ್ಬರೂ ಹೆಣ್ಣು. ಅಷ್ಟು ಮಾತ್ರ ಈಗಲೇ ಹೇಳಬಹುದು. ಅದಕ್ಕಿಂತ ಹೆಚ್ಚು ನೀವು ಕೇಳುವಂತಿಲ್ಲ, ಡಾಕ್ಟರ್ ಹೇಳುವಂತಿಲ್ಲ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಇದೆ.

ಮಾಸು ಒಂದೋ ಎರಡೋ ಎಂಬುದನ್ನು ಸರಿಯಾಗಿ ಹೇಳಬಹುದಾದದ್ದು 11ರಿಂದ 14 ವಾರದೊಳಗೆ. ಎರಡು ಚೀಲಗಳ ನಡುವಿನ ಪೊರೆ ಮಾಸಿಗೆ ಬಂದು ಸೇರುವ ಜಾಗವನ್ನು ಸ್ಕ್ಯಾನಿಂಗ್ ಡಾಕ್ಟರ್ ನೋಡುತ್ತಾರೆ. ಅಲ್ಲಿ ದಪ್ಪನೆಯ ತ್ರಿಕೋನ ಕಂಡರೆ ಮಾಸು ಎರಡು. ತೆಳ್ಳಗಿನ ಗೆರೆಯೊಂದು ನೇರ ಬಂದು ಇಂಗ್ಲಿಷಿನ ಟೀ ಅಕ್ಷರದ ಹಾಗೆ ನಿಂತರೆ ಮಾಸು ಒಂದು. 20 ವಾರ ದಾಟಿದ ಮೇಲೆ ಇದನ್ನು ಗುರುತಿಸುವುದು ಕಷ್ಟ. ಆದ್ದರಿಂದ ಆ ರಿಪೋರ್ಟನ್ನೂ ಫೋಟೋವನ್ನೂ ತಾಯಿ ಕಾರ್ಡ್ ಜೊತೆಗೆ ಜೋಪಾನವಾಗಿಡಿ. ಆಸ್ಪತ್ರೆ ಬದಲಾಯಿಸಿದರೆ ಹೊಸ ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಹದಿನೈದು ದಿನಕ್ಕೊಮ್ಮೆ ಯಾಕೆ ಅಂದರೆ, ಒಂದೇ ಮಾಸಿನಲ್ಲಿ ಎರಡೂ ಮಕ್ಕಳ ರಕ್ತನಾಳಗಳು ಒಳಗೊಳಗೇ ಕೂಡಿಕೊಂಡಿರುತ್ತವೆ. ರಕ್ತ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸರಿಸಮ ಹರಿಯುತ್ತಿದ್ದರೆ ಚಿಂತೆಯಿಲ್ಲ. ಇಂಥ 100 ಬಸಿರಿನಲ್ಲಿ 10ರಿಂದ 15ರಲ್ಲಿ ಈ ಸಮ ತಪ್ಪುತ್ತದೆ. ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಕೊಡುವ ಮಗುವಿಗೆ ಮೂತ್ರ ಕಡಿಮೆಯಾಗಿ, ಅದರ ಚೀಲದ ನೀರು ಬತ್ತುತ್ತದೆ. ತೆಗೆದುಕೊಳ್ಳುವ ಮಗುವಿನ ಚೀಲದಲ್ಲಿ ನೀರು ತುಂಬಿಕೊಳ್ಳುತ್ತದೆ, ಅದರ ಹೃದಯಕ್ಕೂ ಭಾರ ಬೀಳುತ್ತದೆ. ಬೇಗ ಗೊತ್ತಾದರೆ, ಸಾಮಾನ್ಯವಾಗಿ 16ರಿಂದ 26 ವಾರದೊಳಗೆ, ಗರ್ಭದೊಳಗೇ ಲೇಸರ್‌ನಿಂದ ಆ ನಾಳಗಳನ್ನು ಮುಚ್ಚುತ್ತಾರೆ. ಬೆಂಗಳೂರಿನಲ್ಲಿ ಇದನ್ನು ಮಾಡುವ ಫೀಟಲ್ ಮೆಡಿಸಿನ್ ತಜ್ಞರಿದ್ದಾರೆ. ತಡವಾದರೆ ಕೈ ಮೀರುತ್ತದೆ. ಒಂದು ತಿಂಗಳು ಬಿಟ್ಟು ನೋಡೋಣ ಅನ್ನುವ ಹಾಗಿಲ್ಲ, ಅದಕ್ಕೇ ಹದಿನೈದು ದಿನದ ಲೆಕ್ಕ. ಮಾಸು ಎರಡಿದ್ದರೆ ತಿಂಗಳಿಗೊಂದು ಸಾಕಾಗುತ್ತಿತ್ತು. ಇನ್ನು ತೊಂದರೆಯ ಮಾತು: ಇದು ಎಕ್ಸ್-ರೇ ಅಲ್ಲ, ಶಬ್ದದ ಅಲೆ. ಡಾಕ್ಟರ್ ಬೇಕು ಅಂದಾಗ ಮಾಡಿಸಿದರೆ ಮಕ್ಕಳಿಗೆ ಏನೂ ಆಗುವುದಿಲ್ಲ.

ನಡುವೆ ನಾಲ್ಕೈದು ದಿನದಲ್ಲೇ ಹೊಟ್ಟೆ ಧಿಡೀರನೆ ದೊಡ್ಡದಾಗಿ ಬಿಗಿದುಕೊಂಡರೆ, ಉಸಿರಾಡಲು ಕಷ್ಟವಾದರೆ, ಮುಂದಿನ ಸ್ಕ್ಯಾನಿಂಗ್‌ವರೆಗೆ ಕಾಯಬೇಡಿ. ‘ಅವಳಿ ಅಲ್ವಾ, ಹೊಟ್ಟೆ ದೊಡ್ಡದಾಗೇ ಇರುತ್ತೆ’ ಅಂತ ಮನೆಯವರು ಹೇಳಿದರೂ ಹೋಗಿ ಬನ್ನಿ.

ಈ ವಾರವೇ ನಿಮ್ಮ ಡಾಕ್ಟರನ್ನು ಕೇಳಬೇಕಾದ ವಿಷಯ ಒಂದಿದೆ: ಕಡಿಮೆ ಡೋಸಿನ ಆಸ್ಪಿರಿನ್. ಅವಳಿ ಬಸಿರಿನಲ್ಲಿ ಬಿಪಿ ಏರುವ ಸಂಭವ ಜಾಸ್ತಿ, ಮೊದಲ ಬಸಿರಾದರೆ ಇನ್ನೂ ಸ್ವಲ್ಪ ಜಾಸ್ತಿ. ಈ ಮಾತ್ರೆಯನ್ನು 12 ವಾರದ ನಂತರ, 16 ವಾರದೊಳಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ. ನೀವು ಈಗ ಸರಿಯಾಗಿ ಆ ಸಮಯದಲ್ಲಿದ್ದೀರಿ. ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ. ಬೇಕೋ ಬೇಡವೋ, ಎಷ್ಟು ಎಂಬುದನ್ನು ಅವರೇ ಹೇಳಲಿ.

ಅತ್ತೆಯವರ ಕಾಳಜಿ ಅರ್ಥವಾಗುತ್ತದೆ. ಆದರೆ ಮಲಗಿಯೇ ಇದ್ದರೆ ಅವಳಿ ಮಕ್ಕಳು ದಿನ ತುಂಬಿ ಹುಟ್ಟುತ್ತವೆ ಅನ್ನುವುದಕ್ಕೆ ಆಧಾರವಿಲ್ಲ. ಬದಲಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಸ್ನಾಯುಗಳ ಶಕ್ತಿ ಕುಂದುತ್ತದೆ, ಮನಸ್ಸೂ ಕುಗ್ಗುತ್ತದೆ. ಡಾಕ್ಟರ್ ಬೇಡ ಅಂದಿಲ್ಲವಾದರೆ ಸಂಜೆ ಒಂದರ್ಧ ಗಂಟೆ ನಡೆಯಿರಿ, ಮನೆಗೆಲಸ ಮಾಡಿ, ಆಫೀಸಿಗೆ ಹೋಗಿ. ಭಾರ ಎತ್ತುವುದು, ಗಂಟೆಗಟ್ಟಲೆ ನಿಲ್ಲುವುದು ಬೇಡ. ಅವಳಿ ಎಂಬ ಒಂದೇ ಕಾರಣಕ್ಕೆ ಗರ್ಭದ ಬಾಯಿಗೆ ಹೊಲಿಗೆ ಹಾಕಿಸುವುದೂ ಬೇಡ. 20ನೇ ವಾರದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಗರ್ಭದ ಬಾಯಿಯ ಉದ್ದ ಅಳೆಯುತ್ತಾರೆ, ಏನಾದರೂ ಬೇಕಿದ್ದರೆ ಆಗ ನೋಡಿದರಾಯಿತು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಇಬ್ಬರಿಗೆ ತಿನ್ನು’ ಹೋಗಿ ‘ಮೂವರಿಗೆ ತಿನ್ನು’ ಶುರುವಾಗಿರುತ್ತದೆ. ತಟ್ಟೆ ದೊಡ್ಡದು ಮಾಡುವ ಬದಲು ಹೊತ್ತು ಹೆಚ್ಚು ಮಾಡಿ. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ಕಾಳು, ಮೊಟ್ಟೆ, ಮೊಸರು, ರಾಗಿ, ಸೊಪ್ಪು ಇರಲಿ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಒಂದು ಇನ್ನೊಂದನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿ ಮೇಲೊಂದು ಲೋಟ ಕಾಫಿ ಕುಡಿದರೂ ಅದೇ ಕಥೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿಯದ ಹಾಗೆ ನೋಡಿಕೊಳ್ಳಿ. ಅವಳಿ ಹೆರಿಗೆಯಲ್ಲಿ ಗರ್ಭಕೋಶ ಜಾಸ್ತಿ ಹಿಗ್ಗಿರುತ್ತದೆ, ಹೆರಿಗೆಯಾದ ಮೇಲೆ ಬೇಗ ಕುಗ್ಗದೆ ರಕ್ತ ಹೆಚ್ಚು ಹೋಗಬಹುದು. ಆಗ ಮೈಯಲ್ಲಿರುವ ರಕ್ತವೇ ಕಾಯುವುದು.

ಈಗ ತವರಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆಯಾದದ್ದು ಇದೊಂದೇ.

ಆಗಸ್ಟ್ ಮಧ್ಯ ಎಂಬುದು 40 ವಾರದ ಲೆಕ್ಕ. ಅದನ್ನು ಮರೆತುಬಿಡಿ. ಎಂಸಿಡಿಎ ಅವಳಿಗೆ, ಎಲ್ಲವೂ ಸರಿಯಿದ್ದರೂ, ಸಾಮಾನ್ಯವಾಗಿ 36ರಿಂದ 37 ವಾರದೊಳಗೆ ಹೆರಿಗೆ ಮಾಡಿಸುತ್ತಾರೆ. ಅಂದರೆ ನಿಮಗೆ ಜುಲೈ ಮೂರನೇ ವಾರ. ತಾನಾಗಿ ಅದಕ್ಕಿಂತ ಮೊದಲೇ ಆಗುವುದೂ ಅಪರೂಪವಲ್ಲ. ಒಟ್ಟು ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರದೊಳಗೇ ಹುಟ್ಟುತ್ತವೆ. ಹಾಗಾಗಿ ಎಲ್ಲ ತಯಾರಿಯನ್ನೂ 32 ವಾರಕ್ಕೆ, ಅಂದರೆ ಜೂನ್ ಮೂರನೇ ವಾರಕ್ಕೆ ಮುಗಿಸಿಡಿ. ಬ್ಯಾಗ್, ದುಡ್ಡು, ಮನೆಯಲ್ಲಿ ಯಾರಿರಬೇಕು, ಎಲ್ಲವೂ.

ಅದೇ ಜೂನ್‌ನಲ್ಲಿ ತೀರ್ಥಹಳ್ಳಿಯಲ್ಲಿ ಮಳೆ ಹಿಡಿದಿರುತ್ತದೆ. ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಇನ್ನೊಂದು ಕಡೆ ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿಯಬೇಕು. ರಾತ್ರಿ ಎರಡು ಗಂಟೆಗೆ ನೀರಿನ ಚೀಲ ಒಡೆದು ನೀರು ಹೋಯಿತು, ಕರೆಂಟಿಲ್ಲ, ಫೋನ್ ಸಿಗ್ನಲ್ ಇಲ್ಲ ಅಂತಿಟ್ಟುಕೊಳ್ಳಿ. ಹೆರಿಗೆಗೆ ಹತ್ತಿರದ ಆಸ್ಪತ್ರೆ ಸಿಗಬಹುದು. ಆದರೆ ಒಂದೂವರೆ ಕಿಲೋ ತೂಗುವ ಎರಡು ಕೂಸುಗಳಿಗೆ ಒಂದೇ ಹೊತ್ತಿಗೆ ಎರಡು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹಾಸಿಗೆ ಬೇಕು. ಮಗು ಹುಟ್ಟಿದ ಮೇಲೆ ಆಂಬುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯೊಳಗಿದ್ದಾಗಲೇ ಆ ಊರಿಗೆ ತಲುಪುವುದು ಎಷ್ಟೋ ವಾಸಿ. ಹೊಟ್ಟೆ ಕೊಯ್ದ ತಾಯಿ ಒಂದು ಆಸ್ಪತ್ರೆಯಲ್ಲಿ, ಮಕ್ಕಳು ಇನ್ನೊಂದು ಊರಿನಲ್ಲಿ ಆಗುವುದನ್ನು ನೋಡಿದ್ದೇನೆ. ಆ ಗಂಡನ ಪಾಡು ಯಾರಿಗೂ ಬೇಡ.

ಹಾಗಾಗಿ ಅಮ್ಮನಿಗೆ ಹೀಗೆ ಹೇಳಿ ನೋಡಿ: ‘ಈ ಸಲ ತವರೇ ನನ್ನ ಹತ್ತಿರ ಬರಲಿ.’ ಸೀಮಂತ ಬೆಂಗಳೂರಿನಲ್ಲೇ, ಐದನೇ ತಿಂಗಳಲ್ಲಿ ಮಾಡಿ. ಹಲವು ಮನೆಗಳಲ್ಲಿ ಐದರಲ್ಲೂ ಮಾಡುತ್ತಾರೆ. ಅಮ್ಮ ಜೂನ್ ಮೊದಲ ವಾರ ಬಂದು ಮೂರು ತಿಂಗಳು ಇರಲಿ. ಅದು ಆಗುವುದೇ ಇಲ್ಲ ಅನ್ನುವುದಾದರೆ ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಎನ್‌ಐಸಿಯು ಇರುವ ಆಸ್ಪತ್ರೆಯಲ್ಲಿ 28 ವಾರದೊಳಗೆ ಹೆಸರು ಬರೆಸಿ. ಮಲಗುವುದು ಆ ಊರಿನ ನೆಂಟರ ಮನೆಯಲ್ಲಿರಲಿ, ಹಳ್ಳಿಯಲ್ಲಿ ಬೇಡ. ಬಾಣಂತನಕ್ಕೆ ಹಳ್ಳಿಗೆ ಆಮೇಲೆ ಹೋಗಬಹುದು, ಮಳೆ ಕಡಿಮೆಯಾದ ಮೇಲೆ ಇನ್ನೂ ಚೆಂದ.

ಆಸ್ಪತ್ರೆ ಯಾವುದೇ ಇರಲಿ, ಇಷ್ಟನ್ನು ಬಾಯಿ ಬಿಟ್ಟು ಕೇಳಿ. ಒಂದೇ ಸಲಕ್ಕೆ ಎರಡು ಕೂಸಿಗೆ ಎನ್‌ಐಸಿಯು ಹಾಸಿಗೆ ಸಿಗುತ್ತದಾ? ರಾತ್ರಿ ಹೊತ್ತು ನವಜಾತ ಶಿಶು ವೈದ್ಯರು ಇರುತ್ತಾರಾ, ಫೋನ್ ಮಾಡಿ ಕರೆಸುತ್ತಾರಾ? ರಕ್ತ ಅಲ್ಲೇ ಸಿಗುತ್ತದಾ? ಒಂದು ದಿನಕ್ಕೆ ಒಂದು ಮಗುವಿಗೆ ಎಷ್ಟು ಖರ್ಚು? ಆ ಮೊತ್ತವನ್ನು ಎರಡರಿಂದ, ಆಮೇಲೆ ಇಪ್ಪತ್ತು ದಿನದಿಂದ ಗುಣಿಸಿ ನೋಡಿದರೆ ಗಾಬರಿಯಾಗುತ್ತದೆ. ಆ ಗಾಬರಿ ಈಗಲೇ ಆಗಲಿ. ಕಂಪನಿಯ ವಿಮೆಯಲ್ಲಿ ಹುಟ್ಟಿದ ದಿನದಿಂದಲೇ ಮಕ್ಕಳಿಗೂ ರಕ್ಷಣೆ ಇದೆಯಾ ಎಂದು ಎಚ್‌ಆರ್‌ಗೆ ಇಮೇಲ್ ಹಾಕಿ, ಉತ್ತರ ಬರವಣಿಗೆಯಲ್ಲೇ ತರಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯನ್ನು ಸುಮ್ನೆ ತಳ್ಳಿಹಾಕಬೇಡಿ. ವಾಣಿವಿಲಾಸದಂಥ ಕಡೆ ಅವಳಿ ಹೆರಿಗೆ ದಿನನಿತ್ಯದ ಕೆಲಸ. ಜನಸಂದಣಿ ಇರುತ್ತದೆ, ಅನುಭವವೂ ಇರುತ್ತದೆ.

ಯಾವಾಗ ಓಡಬೇಕು? ನೀರು ಹೋದರೆ, ರಕ್ತ ಕಂಡರೆ, ಹೊಟ್ಟೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಲ್ಲಿನ ಹಾಗೆ ಬಿಗಿಯುತ್ತಿದ್ದರೆ, ಮಕ್ಕಳ ಒದೆತ ಕಡಿಮೆ ಅನ್ನಿಸಿದರೆ. ಬಿಡದ ತಲೆನೋವು, ಕಣ್ಣು ಮಂಜು, ಮುಖದ ಊತ, ಎದೆಯ ಕೆಳಗೆ ನೋವು, ಇವು ಬಿಪಿಯ ಲಕ್ಷಣ. ‘ಗ್ಯಾಸ್ಟ್ರಿಕ್’ ಅಂತ ಮಾತ್ರೆ ನುಂಗಿ ಮಲಗಬೇಡಿ. ಅಂಗೈ ಅಂಗಾಲು ರಾತ್ರಿ ಹೊತ್ತು ವಿಪರೀತ ತುರಿಸಿದರೂ ಹೇಳಿ, ಅದು ಲಿವರ್‌ಗೆ ಸಂಬಂಧಿಸಿದ್ದಿರಬಹುದು, ಅವಳಿಯಲ್ಲಿ ಹೆಚ್ಚು. 34 ವಾರದೊಳಗೆ ಹೆರಿಗೆಯಾಗುವ ಸೂಚನೆ ಕಂಡರೆ ಮಕ್ಕಳ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಅದು ಪೂರ್ತಿ ಕೆಲಸ ಮಾಡಲು ಒಂದೆರಡು ದಿನ ಬೇಕು. ಬೇಗ ಬಂದರೆ ಆ ಒಂದೆರಡು ದಿನ ಸಿಗುತ್ತದೆ.

ಅವಳಿ ಅಂದರೆ ಸಿಸೇರಿಯನ್ನೇ ಅಂತೇನಿಲ್ಲ. ಮೊದಲ ಮಗುವಿನ ತಲೆ ಕೆಳಗಿದ್ದು ಉಳಿದದ್ದೆಲ್ಲ ಸರಿಯಿದ್ದರೆ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಅದಕ್ಕೆ ಅನುಭವವಿರುವ ತಂಡ ಬೇಕು, ಥಿಯೇಟರ್ ಪಕ್ಕದಲ್ಲೇ ಸಜ್ಜಾಗಿರಬೇಕು. ನಿಮ್ಮ ಡಾಕ್ಟರಿಗೆ ಅದರಲ್ಲಿ ಧೈರ್ಯವಿಲ್ಲದಿದ್ದರೆ ಒತ್ತಾಯ ಮಾಡಬೇಡಿ.

ಕೂಸುಗಳು ಬಂದವು ಅಂದುಕೊಳ್ಳಿ. ಎರಡೂ ಎರಡೂವರೆ ಕಿಲೋಗಿಂತ ಕಡಿಮೆ ಇರುವ ಸಂಭವವೇ ಜಾಸ್ತಿ. ಇಂಥ ಮಕ್ಕಳಿಗೆ ದುಬಾರಿ ವಾರ್ಮರ್‌ನಷ್ಟೇ ಕೆಲಸ ಮಾಡುವುದು ಕಾಂಗರೂ ಆರೈಕೆ. ಕೂಸಿಗೆ ಟೋಪಿ, ಲಂಗೋಟಿ ಮಾತ್ರ ಹಾಕಿ, ಬರಿ ಎದೆಗೆ ನೆಟ್ಟಗೆ ಅಪ್ಪಿಸಿಕೊಂಡು, ಮೇಲೆ ಬಟ್ಟೆ ಸುತ್ತಿ ಕಟ್ಟುವುದು. ಚರ್ಮಕ್ಕೆ ಚರ್ಮ ತಾಗಬೇಕು. ತಾಯಿ ಇಬ್ಬರನ್ನೂ ಒಟ್ಟಿಗೆ ಕಟ್ಟಿಕೊಳ್ಳಬಹುದು. ಅವಳಿ ಇರುವ ಮನೆಯಲ್ಲಿ ಅಪ್ಪ, ಅಜ್ಜಿಯರೂ ಸರದಿ ಹಿಡಿಯಬೇಕು. ನಿಮ್ಮ ಯಜಮಾನರಿಗೆ ಮುಂದೆ ಗುಂಡಿ ಇರುವ ಸಡಿಲ ಅಂಗಿ ನಾಲ್ಕು ತೆಗೆದಿಡಲು ಹೇಳಿ. ಅತ್ತೆಯವರಿಗೂ ಹೇಳಿ, ಕಾಳಜಿ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹಾಲು ಸಾಕಾಗುತ್ತದಾ ಅಂದಿರಿ. ಬಹಳಷ್ಟು ತಾಯಂದಿರಿಗೆ ಸಾಕಾಗುತ್ತದೆ. ಎದೆಯಿಂದ ಎಷ್ಟು ಹಾಲು ಖಾಲಿಯಾಗುತ್ತದೋ ಅಷ್ಟು ಮತ್ತೆ ತುಂಬುತ್ತದೆ. ಎರಡು ಬಾಯಿ ಚೀಪಿದರೆ ಎರಡು ಪಾಲು. ಕಷ್ಟ ಇರುವುದು ಮೊದಲ ಕೆಲವು ದಿನ, ಕೂಸುಗಳು ಎನ್‌ಐಸಿಯುನಲ್ಲಿದ್ದು ಚೀಪಲು ಶಕ್ತಿಯಿಲ್ಲದಾಗ. ಆಗ ಹೆರಿಗೆಯಾದ ಕೆಲವೇ ಗಂಟೆಯೊಳಗೆ ಕೈಯಿಂದ ಹಿಂಡಲು ಶುರು ಮಾಡಿ. ಹೆಬ್ಬೆರಳು, ತೋರುಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿಗಿಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಸೇರಿಸಿ ಒತ್ತಬೇಕು. ತೊಟ್ಟನ್ನು ಎಳೆಯಬೇಡಿ. ಮೊದಲ ದಿನ ಬರುವುದು ಒಂದು ಚಮಚವೂ ಇರಲಿಕ್ಕಿಲ್ಲ, ಹಳದಿ, ಅಂಟು. ಸಣ್ಣ ಸಿರಿಂಜ್‌ನಲ್ಲಿ ಹಿಡಿದು ನರ್ಸ್ ಕೈಗೆ ಕೊಡಿ, ಅರ್ಧರ್ಧ ಮಾಡಿ ಕೊಡುತ್ತಾರೆ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಿಂಡುತ್ತಿದ್ದರೆ ಮೂರು ನಾಲ್ಕನೇ ದಿನಕ್ಕೆ ಹಾಲು ಇಳಿಯುತ್ತದೆ.

ಮನೆಗೆ ಬಂದ ಮೇಲೆ ಮೊದಲು ಒಬ್ಬೊಬ್ಬರಿಗೇ ಕುಡಿಸಿ, ಬಾಯಿ ಸರಿಯಾಗಿ ಹಿಡಿಯುವುದನ್ನು ಕಲಿಯಲಿ. ಕಲಿತ ಮೇಲೆ ಇಬ್ಬರಿಗೂ ಒಟ್ಟಿಗೆ ಕುಡಿಸಬಹುದು. ಗೋಡೆಗೆ ಒರಗಿ ಕೂತು, ತೊಡೆಯ ಎರಡೂ ಕಡೆ ಗಟ್ಟಿ ದಿಂಬು ಇಟ್ಟುಕೊಂಡು, ಕೂಸಿನ ತಲೆ ಮುಂದೆ, ಕಾಲು ನಿಮ್ಮ ಕಂಕುಳ ಕೆಳಗಿಂದ ಹಿಂದಕ್ಕೆ. ಸಿಸೇರಿಯನ್ ಹೊಲಿಗೆಗೆ ಭಾರ ಬೀಳುವುದಿಲ್ಲ. ಒಂದೊಂದು ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುತ್ತದೆ, ಬೇರೆ ಬೇರೆ ಹೊತ್ತಿಗೆ ಕುಡಿಸುತ್ತಾ ಹೋದರೆ ನೀವು ಮಲಗುವುದೇ ಇಲ್ಲ. ಹಾಗಾಗಿ ಒಬ್ಬಳೋ ಒಬ್ಬನೋ ಎದ್ದರೆ ಇನ್ನೊಂದನ್ನೂ ಎಬ್ಬಿಸಿ ಕುಡಿಸಿ. ಮಲಗಿದ ಮಗುವನ್ನು ಎಬ್ಬಿಸಬಾರದು ಅನ್ನುವ ಅಜ್ಜಿಯ ಮಾತು ಅವಳಿ ಮನೆಗಲ್ಲ. ಸಾಕಾಯಿತೋ ಇಲ್ಲವೋ ತಿಳಿಯಲು ಒದ್ದೆ ಲಂಗೋಟಿ ಎಣಿಸಿ: ಐದಾರು ದಿನದ ನಂತರ ದಿನಕ್ಕೆ ಒಂದೊಂದು ಮಗುವಿನದು ಆರಾದರೂ ಇರಬೇಕು, ವಾರಕ್ಕೊಮ್ಮೆ ತೂಕವೂ ಏರುತ್ತಿರಬೇಕು. ಏರದಿದ್ದರೆ, ಮಕ್ಕಳ ಡಾಕ್ಟರ್ ಹೇಳಿದರೆ, ಸ್ವಲ್ಪ ಪುಡಿ ಹಾಲು ಕೊಟ್ಟರೆ ನೀವು ಕೆಟ್ಟ ತಾಯಿಯಾಗುವುದಿಲ್ಲ.

ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿ, ಎರಡು ಕಾಲಂ ಎಳೆಯಿರಿ: ಯಾರು, ಎಷ್ಟು ಹೊತ್ತಿಗೆ ಕುಡಿದರು, ಒದ್ದೆ, ಕಕ್ಕ, ಔಷಧಿ. ಒಂದೇ ಮುಖದ ಅವಳಿ ಇರುವ ಮನೆಯಲ್ಲಿ ನಿದ್ದೆಗಣ್ಣಿನಲ್ಲಿ ಒಂದೇ ಕೂಸಿಗೆ ಎರಡು ಸಲ ಹನಿ ಹಾಕಿ, ಇನ್ನೊಂದನ್ನು ಬಿಡುವುದು ಆಗುತ್ತಲೇ ಇರುತ್ತದೆ. ಆಸ್ಪತ್ರೆಯ ಪಟ್ಟಿ ಬಿಚ್ಚುವ ಮೊದಲೇ ಒಂದರ ಕಾಲಿನ ಹೆಬ್ಬೆರಳಿನ ಉಗುರಿಗೆ ಬಣ್ಣ ಹಚ್ಚಿ. ದೃಷ್ಟಿಬೊಟ್ಟು ಒಬ್ಬರಿಗೆ ಬಲಗಾಲಿಗೆ, ಇನ್ನೊಬ್ಬರಿಗೆ ಎಡಗಾಲಿಗೆ ಅಂತ ಮಾಡುವವರೂ ಇದ್ದಾರೆ. ಸ್ನಾನದಲ್ಲಿ ಅಳಿಸಿಹೋಗಿ ಮನೆಯೆಲ್ಲ ಕಂಗಾಲಾಗುವುದೂ ಇದೆ.

ಕೊಳ್ಳುವ ಪಟ್ಟಿ ಚಿಕ್ಕದೇ. ದಿನಕ್ಕೆ ಇಬ್ಬರಿಂದ ಹದಿನೈದು ಇಪ್ಪತ್ತು ಲಂಗೋಟಿ ಆಗುತ್ತದೆ. ಹಳೆಯ ಹತ್ತಿ ಸೀರೆ, ಪಂಚೆ ಹರಿದು ತೊಳೆದಿಡಿ, ರಾತ್ರಿಗೆ ಡೈಪರ್ ಇರಲಿ. ಎಲ್ಲವೂ ಜೋಡಿ ಬೇಕಿಲ್ಲ. ಮಲಗುವ ಜಾಗ ಮಾತ್ರ ಎರಡು ಬೇಕು: ಗಟ್ಟಿ ಹಾಸಿಗೆ, ಅಂಗಾತ, ಪಕ್ಕದಲ್ಲಿ ದಿಂಬು ಗೊಂಬೆ ಏನೂ ಬೇಡ. ಅವಳಿ ಗಾಡಿಗೆ ದುಡ್ಡು ಸುರಿಯುವ ಬದಲು, ಆ ದುಡ್ಡಿನಲ್ಲಿ ಮೂರು ತಿಂಗಳು ಅಡುಗೆಗೆ, ಬಟ್ಟೆಗೆ ಒಬ್ಬರನ್ನು ಇಟ್ಟುಕೊಳ್ಳಿ. ಮನೆಯಲ್ಲಿ ಬೇಕಾಗುವುದು ಕೈಗಳು. ರಾತ್ರಿಯನ್ನು ಎರಡು ಪಾಳಿ ಮಾಡಿ, ಒಬ್ಬರಾದರೂ ಒಂದೇ ಸಮನೆ ನಾಲ್ಕು ಗಂಟೆ ಮಲಗುವ ಹಾಗೆ.

ಬಾಣಂತನದ ಪದ್ಧತಿಗಳಲ್ಲಿ ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಅಂಟಿನುಂಡೆ ಧಾರಾಳವಾಗಿ ಇರಲಿ. ನೀರು ಕಡಿಮೆ ಕೊಡುವ ಪಥ್ಯ ಮಾತ್ರ ಬೇಡವೇ ಬೇಡ, ಬಾಯಾರಿದಷ್ಟೂ ಕುಡಿಯಿರಿ. ದಿನ ತುಂಬದ ಕೂಸಿಗೆ ಸಾಂಬ್ರಾಣಿ ಹೊಗೆ, ಬಜೆ, ಜೇನುತುಪ್ಪ, ಗ್ರೈಪ್ ವಾಟರ್ ಯಾವುದೂ ಬೇಡ. ಎಣ್ಣೆ ಸ್ನಾನ ತೂಕ ಎರಡೂವರೆ ಕಿಲೋ ದಾಟುವವರೆಗೆ ಕಾಯಲಿ. ನಾಮಕರಣವೂ ಕಾಯಲಿ, ನೂರು ಜನ ಎತ್ತಿ ಮುದ್ದಿಸುವುದು ಈಗ ಬೇಡ.

34 ವಾರದೊಳಗೆ ಹುಟ್ಟಿದರೆ, ಅಥವಾ ಎರಡು ಕಿಲೋಗಿಂತ ಕಡಿಮೆ ಇದ್ದರೆ, 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ತೀರಾ ಪುಟ್ಟ ಕೂಸಾದರೆ ಇನ್ನೂ ಬೇಗ. ಕಣ್ಣಿನ ಹಿಂಭಾಗದ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗುವ ರೋಗವಿದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ಜಿಲ್ಲೆಗಳ ಎನ್‌ಐಸಿಯುಗಳಿಗೇ ಕ್ಯಾಮೆರಾ ಒಯ್ದು ಈ ಪರೀಕ್ಷೆ ಮಾಡುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ದಿನಾಂಕ ಬರೆಸಿಕೊಳ್ಳಿ. ಲಸಿಕೆಗಳು ಹುಟ್ಟಿದ ದಿನದ ಲೆಕ್ಕದಲ್ಲೇ ನಡೆಯಬೇಕು. ಕತ್ತು ನಿಲ್ಲುವುದು, ಮಗುಚುವುದು ಮಾತ್ರ ಆಗಸ್ಟ್ ಮಧ್ಯದಿಂದ ಎಣಿಸಿ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಕೊರಗಬೇಡಿ.

ನಿಮ್ಮ ಬಗ್ಗೆಯೂ ಒಂದು ಮಾತು. ಅವಳಿ ಹೆತ್ತ ತಾಯಂದಿರಲ್ಲಿ ಬಾಣಂತಿ ಖಿನ್ನತೆ ಹೆಚ್ಚು. ಮೊದಲ ವಾರದ ಅಳು ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಮಕ್ಕಳು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಒಂದನ್ನು ಕಂಡರೆ ಪ್ರೀತಿ, ಇನ್ನೊಂದನ್ನು ಕಂಡರೆ ಏನೂ ಅನ್ನಿಸದಿದ್ದರೆ ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ರಜೆ. ಕಾಯ್ದೆ ಪ್ರಕಾರ ನಿಮಗೆ ಸಂಬಳ ಸಹಿತ 26 ವಾರ. ಎರಡು ಮಕ್ಕಳೆಂದು ದುಪ್ಪಟ್ಟಾಗುವುದಿಲ್ಲ. ಹೆರಿಗೆಗೆ ಮೊದಲು ಎಂಟು ವಾರದವರೆಗೆ ತೆಗೆದುಕೊಳ್ಳಬಹುದು, ಆದರೆ ಅಷ್ಟನ್ನೂ ಮೊದಲೇ ಖರ್ಚು ಮಾಡಿದರೆ ಕೂಸುಗಳು ಮನೆಗೆ ಬರುವ ಹೊತ್ತಿಗೆ ಉಳಿಯುವುದು ಕಡಿಮೆ. ಆರೋಗ್ಯ ಸರಿಯಿದ್ದರೆ 28 ವಾರದಿಂದ ಮನೆಯಿಂದಲೇ ಕೆಲಸ ಕೇಳಿ, 32ರ ಸುಮಾರಿಗೆ ರಜೆ ಹಾಕಿ. ದಿನ ತುಂಬದೆ ಹೆರಿಗೆಯಾಗಿ ಅದರಿಂದ ನಿಮಗೆ ಆರೋಗ್ಯದ ತೊಂದರೆಯಾದರೆ, ವೈದ್ಯರ ಚೀಟಿಯ ಮೇಲೆ ಇನ್ನೂ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆಗೆ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಬಹಳಷ್ಟು ಎಚ್‌ಆರ್‌ಗಳು ಇದನ್ನು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.